ಕಡ್ಡಿಯ ನಿಮಿಷಗಳು

ಅವನಿಗೆ ಗಡಿಯಾರ ಎಂಬ ಹೆಸರು ಬಿದ್ದದ್ದು ಕ್ಲಬ್ಬಿಗೆ ಬಂದ ಮೊದಲ ವಾರದಲ್ಲೇ. ಅದಕ್ಕೆ ಮುಂಚೆ ಇಪ್ಪತ್ತಾರು ವರ್ಷ ರೈಲ್ವೆಯಲ್ಲಿ ವೇಳಾಪಟ್ಟಿ ಬರೆದವನು. ಯಾವ ಗೂಡ್ಸ್ ಗಾಡಿಯನ್ನು ಯಾವ ನಿಲ್ದಾಣದಲ್ಲಿ ಎಷ್ಟು ನಿಮಿಷ ಪಕ್ಕಕ್ಕೆ ನಿಲ್ಲಿಸಿದರೆ ಎಕ್ಸ್‌ಪ್ರೆಸ್ಸಿಗೆ ಅಡ್ಡಿಯಾಗುವುದಿಲ್ಲ ಎಂಬುದನ್ನು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದ. ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೆ ಕೈ ಸುಮ್ಮನಿರಲಿಲ್ಲ. ಬಚ್ಚಲಿಗೆ ಯಾರು ಎಷ್ಟು ಹೊತ್ತಿಗೆ ಹೋಗಬೇಕೆಂದು ಬರೆದು ಬಾಗಿಲಿಗೆ ಅಂಟಿಸಿದ. ಮೂರನೆಯ ದಿನ ಹೆಂಡತಿ ನಾದಿನಿಗೆ ಫೋನು ಮಾಡಿದಳು. "ನಿನ್ನ ಅಣ್ಣನ್ನ ಎಲ್ಲಾದ್ರೂ ಕೆಲಸಕ್ಕೆ ಹಚ್ಚು ತಾಯಿ. ಇಲ್ಲಾಂದ್ರೆ ನಾನೇ ಮನೆ ಬಿಟ್ಟು ಹೋಗ್ತೀನಿ."

ನಾದಿನಿ, ಅಂದರೆ ಅವನ ತಂಗಿ, ಊರಿನ ಮಹಿಳಾ ಬಾಸ್ಕೆಟ್‌ಬಾಲ್ ತಂಡದ ಕೋಚ್. ಹೀಗೆ ಅಣ್ಣ ತಂಗಿಯ ಕೈಕೆಳಗೆ ಅಸಿಸ್ಟೆಂಟ್ ಆದ. ಮನೆಯಲ್ಲಿ ಅವಳು ಇವತ್ತಿಗೂ ಪುಟ್ಟಿ. ಆಟದ ಹಾಲಿನ ಬಾಗಿಲು ದಾಟಿದರೆ ಮೇಡಂ. ಒಮ್ಮೆ ಪ್ರಾಕ್ಟೀಸಿನ ನಡುವೆ ಬಾಯಿ ತಪ್ಪಿ ಪುಟ್ಟಿ ಎಂದದ್ದಕ್ಕೆ ಇಡೀ ತಂಡದ ಮುಂದೆ ಅವನಿಂದ ಹತ್ತು ಬಸ್ಕಿ ಹೊಡೆಸಿದ್ದಳು. ಅರವತ್ತು ದಾಟಿದ ಮನುಷ್ಯ ಏದುಸಿರು ಬಿಡುತ್ತಾ ಬಸ್ಕಿ ಹೊಡೆಯುವುದನ್ನು ನೋಡಿ ಆಟಗಾರ್ತಿಯರು ಬಿದ್ದು ಬಿದ್ದು ನಕ್ಕರು. ಅಂದಿನಿಂದ ಅವನು ಎಲ್ಲರಿಗೂ ಗಡಿಯಾರ ಮಾಮ.

ಅವನಿಗೆ ಕೊಟ್ಟ ಕೆಲಸ ಒಂದೇ: ಕಡ್ಡಿಯ ನಿಮಿಷ ನೋಡಿಕೊಳ್ಳುವುದು. ಕಡ್ಡಿ ಎಂದರೆ ತಂಡದ ಅತಿ ಕಿರಿಯಳು, ಹತ್ತೊಂಬತ್ತು ವರ್ಷದ ಹುಡುಗಿ. ಆರಡಿಗೆ ಒಂದಿಂಚು ಕಡಿಮೆ, ತೂಕ ಮಾತ್ರ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಲೀಗಿನಲ್ಲಿ ಒಂದು ನಿಯಮವಿತ್ತು. ಪ್ರತಿ ತಂಡವೂ ಇಪ್ಪತ್ತು ತುಂಬದ ಆಟಗಾರ್ತಿಯರಿಗೆ ಒಂದು ಸೀಸನ್ನಿನಲ್ಲಿ ಒಟ್ಟು ಇನ್ನೂರು ನಿಮಿಷ ಆಡಲು ಬಿಡಬೇಕು. ಬಿಡದಿದ್ದರೆ ಪಟ್ಟಿಯಲ್ಲಿ ಮೂರು ಅಂಕ ಕಡಿತ. ನಿಯಮ ಮಾಡಿದವರ ಉದ್ದೇಶ ಬಂಗಾರದಂಥದು. ಹೊಸಬರು ಬೆಳೆಯಲಿ ಎಂದು. ಆದರೆ ಈ ವಾರ ಗೆಲ್ಲದಿದ್ದರೆ ಮುಂದಿನ ವಾರ ಮನೆಗೆ ಹೋಗಬೇಕಾದ ಕೋಚಿಗೆ ಹೊಸಬರು ಬೆಳೆಯುವುದನ್ನು ನೋಡುತ್ತಾ ಕೂರಲು ಪುರುಸೊತ್ತು ಎಲ್ಲಿರುತ್ತದೆ ಹೇಳಿ? ನಮ್ಮ ತಂಡದಲ್ಲಿ ಇಪ್ಪತ್ತು ತುಂಬದವಳು ಕಡ್ಡಿ ಒಬ್ಬಳೇ. ಆ ಇನ್ನೂರು ನಿಮಿಷವನ್ನು ತಂಡಕ್ಕೆ ನೋವಾಗದಂತೆ ಅವಳೊಬ್ಬಳ ಮೇಲೆಯೇ ಕಳೆಯಬೇಕಿತ್ತು.

ಇದರಲ್ಲಿ ಗಡಿಯಾರ ಎತ್ತಿದ ಕೈ. ಎದುರಿನವರು ತಮ್ಮ ಒಳ್ಳೆಯ ಆಟಗಾರ್ತಿಯನ್ನು ನೀರು ಕುಡಿಯಲು ಕೂರಿಸಿದ ಕೂಡಲೇ ತಂಗಿಯ ತೋಳು ಮುಟ್ಟಿ "ಈಗ" ಎನ್ನುತ್ತಿದ್ದ. ಕಡ್ಡಿ ಒಳಗೆ. ಎರಡೂವರೆ ನಿಮಿಷದ ಮೇಲೆ ಅವರ ಆಟಗಾರ್ತಿ ಎದ್ದಳೋ, "ಸಾಕು." ಕಡ್ಡಿ ಹೊರಗೆ. ಇಪ್ಪತ್ತು ಪಾಯಿಂಟಿನಿಂದ ಗೆಲ್ಲುತ್ತಿದ್ದರೆ ಅಥವಾ ಇಪ್ಪತ್ತರಿಂದ ಸೋಲುತ್ತಿದ್ದರೆ ಕೊನೆಯ ಐದು ನಿಮಿಷವೂ ಅವಳದೇ. ಗೆಲುವು ಸೋಲಿಗೆ ಎಳ್ಳಷ್ಟೂ ಸಂಬಂಧವಿಲ್ಲದ ಇಂಥ ಹೊತ್ತಿಗೆ ಅವನು ಸತ್ತ ನಿಮಿಷ ಎಂದು ಹೆಸರಿಟ್ಟಿದ್ದ. ಗೂಡ್ಸ್ ಗಾಡಿಯನ್ನು ಪಕ್ಕದ ಹಳಿಯ ಮೇಲೆ ನೂಕಿದ ಹಾಗೆ ಹುಡುಗಿಯನ್ನು ಸತ್ತ ನಿಮಿಷಗಳ ಮೇಲೆ ನೂಕಿ ನೂಕಿ ಸೀಸನ್ ದಾಟಿಸಿದ. ಎಲ್ಲವನ್ನೂ ನೀಲಿ ರಟ್ಟಿನ ಪುಸ್ತಕದಲ್ಲಿ ಬರೆದಿಡುತ್ತಿದ್ದ. ಲೀಗಿನ ಕಚೇರಿಯೂ ತಿಂಗಳಿಗೊಂದು ಪಟ್ಟಿ ಕಳಿಸುತ್ತಿತ್ತು. ಅವನು ಆ ಲಕೋಟೆಗಳನ್ನು ಒಡೆಯುತ್ತಲೇ ಇರಲಿಲ್ಲ. ಇಪ್ಪತ್ತಾರು ವರ್ಷ ರೈಲುಗಳ ವೇಳೆ ಬರೆದವನ ಲೆಕ್ಕವನ್ನು ಇನ್ನೊಬ್ಬರು ತಿದ್ದುವುದುಂಟೇ?

ಕೊನೆಯ ಮ್ಯಾಚಿನ ದಿನ ಬಂತು. ಪಟ್ಟಿಯಲ್ಲಿ ಕೆಳಗಿನ ಎರಡು ತಂಡ ಕೆಳದರ್ಜೆಗೆ ಇಳಿಯುತ್ತವೆ, ನಮ್ಮದು ಕೆಳಗಿನಿಂದ ಮೂರನೆಯದು. ಗೆದ್ದರೆ ಉಳಿದೆವು, ಸೋತರೆ ಇಳಿದೆವು. ಕ್ಲಬ್ಬಿನ ಅಧ್ಯಕ್ಷರು ನೆಲಹಾಸಿನ ಕಾರ್ಖಾನೆಯವರು. ವೇದಿಕೆ ಸಿಕ್ಕಿದಾಗಲೆಲ್ಲ ಯುವ ಪ್ರತಿಭೆಗಳ ಬಗ್ಗೆ ಅರ್ಧ ಗಂಟೆ ಮಾತಾಡುವವರು. ಅವರೇ ಹಿಂದಿನ ದಿನ ಕೋಚನ್ನು ಕರೆದು ಚುಟುಕಾಗಿ ಹೇಳಿದ್ದರು: "ಇಳಿದ್ರೆ ಹೆಂಗಸರ ಟೀಮಿಗೆ ಬಾಗಿಲು ಹಾಕ್ತೀನಿ. ಬೇಜಾರು ಮಾಡ್ಕೋಬೇಡಿ." ಹನ್ನೊಂದು ಆಟಗಾರ್ತಿಯರ ಕೆಲಸ, ತಂಗಿಯ ಕೆಲಸ, ಎಲ್ಲವೂ ಆ ನಲವತ್ತು ನಿಮಿಷದ ಮೇಲೆ ನಿಂತಿತ್ತು.

"ಕಡ್ಡಿದು ಎಷ್ಟಾಗಿದೆ?" ಬೆಳಿಗ್ಗೆ ತಂಗಿ ಕೇಳಿದಳು.

"ಇನ್ನೂರ ಮೂರು. ಇವತ್ತು ಒಂದು ಸೆಕೆಂಡೂ ಆಡಿಸೋದು ಬೇಕಿಲ್ಲ ಮೇಡಂ. ನೀವು ಆರಾಮಾಗಿ ದೊಡ್ಡಕ್ಕನ್ನ ಇಟ್ಕೊಂಡು ಗೆಲ್ಲಿ."

ದೊಡ್ಡಕ್ಕ ತಂಡದ ಹಿರಿಯಳು, ಮೂವತ್ತಾರು. ಒಂದು ಮೊಣಕಾಲಿಗೆ ಎರಡು ಸಲ ಆಪರೇಷನ್ ಆಗಿದೆ, ಮೆಟ್ಟಿಲಿಳಿಯುವಾಗ ಮೂಳೆ ಕಟಕಟ ಎನ್ನುತ್ತದೆ. ಆದರೂ ರಿಂಗಿನ ಕೆಳಗೆ ನಿಂತಳೆಂದರೆ ಗೋಡೆ. ಅಂದು ಮಧ್ಯಾಹ್ನ ಆಟದ ಹಾಲ್ ಜನರಿಂದ ತುಂಬಿತ್ತು. ಮೇಲಿನ ಕಿಟಕಿಗಳಿಂದ ಬಿಸಿಲು ಓರೆಯಾಗಿ ಬಿದ್ದು ಮರದ ನೆಲ ಹೊಳೆಯುತ್ತಿತ್ತು. ದೊಡ್ಡಕ್ಕ ನಿಂತಲ್ಲಿಂದಲೇ ಹನ್ನೆರಡು ಪಾಯಿಂಟ್ ಹಾಕಿದಳು. ಅರ್ಧ ಆಟಕ್ಕೆ ನಾವು ಆರು ಪಾಯಿಂಟ್ ಮುಂದೆ.

ಆಗ ಮೇಜಿನ ಅಧಿಕಾರಿ ಒಂದು ಹಾಳೆ ಹಿಡಿದು ಬೆಂಚಿನ ಹತ್ತಿರ ಬಂದರು. ಆಕೆ ನಿವೃತ್ತ ಹೆಡ್‌ಮಿಸ್ಟ್ರೆಸ್, ಈಗ ಲೀಗಿನ ಪರವಾಗಿ ಸ್ಕೋರು ಬರೆಸುತ್ತಾರೆ, ಕನ್ನಡಕದ ಮೇಲಿಂದ ನೋಡುವ ಅಭ್ಯಾಸ ಮಾತ್ರ ಹೋಗಿಲ್ಲ.

"ಸೀಸನ್ನಿನ ಪಟ್ಟಿ. ಹೋದ ಮ್ಯಾಚಿನವರೆಗೆ. ಸಹಿ ಹಾಕಿ. ಆಮೇಲೆ ನೀವು ಯಾರೂ ಕೈಗೆ ಸಿಗಲ್ಲ. ಗೆದ್ದವರು ಕುಣೀತಿರ್ತೀರಿ, ಸೋತವರು ಅಳ್ತಿರ್ತೀರಿ."

ಗಡಿಯಾರ ಪೆನ್ನಿನ ಟೋಪಿ ತೆಗೆದ. ಇಪ್ಪತ್ತರೊಳಗಿನವರ ನಿಮಿಷ ಎಂಬ ಸಾಲಿನಲ್ಲಿ ನೂರ ಎಂಬತ್ತೊಂಬತ್ತು ಎಂದಿತ್ತು.

"ಇಲ್ಲಿ ತಪ್ಪಾಗಿದೆ ಮೇಡಂ," ಎಂದ ನಗುತ್ತಾ, ತಪ್ಪು ಬೇರೆಯವರದೆಂದು ಖಾತ್ರಿಯಿರುವವರು ನಗುವ ಹಾಗೆ.

"ತಿಂಗಳಿಗೊಂದು ಸಲ ಕಳಿಸಿದ್ದೀವಲ್ಲ? ನಿಮ್ಮಿಂದ ಒಂದು ತಕರಾರೂ ಬರಲಿಲ್ಲ."

ಅವನು ನೀಲಿ ಪುಸ್ತಕ ತೆರೆದು ಸಾಲು ಸಾಲಾಗಿ ಬೆರಳಿಟ್ಟುಕೊಂಡು ಬಂದ. ನಾಲ್ಕನೆಯ ಪುಟದಲ್ಲಿ ಬೆರಳು ನಿಂತಿತು. ಒಂದೇ ಎದುರಾಳಿ, ಒಂದೇ ಆಟದ ಹಾಲ್, ಎರಡು ಸಾಲು. ಸೀಸನ್ನಿನ ಮೊದಲ ತಿಂಗಳಲ್ಲಿ ಒಂದು ಮ್ಯಾಚು ಮೂರನೆಯ ಕ್ವಾರ್ಟರಿನಲ್ಲಿ ಕರೆಂಟು ಹೋಗಿ ನಿಂತಿತ್ತು. ಅವತ್ತು ಇಪ್ಪತ್ತೈದು ಪಾಯಿಂಟಿನಿಂದ ಸೋಲುತ್ತಿದ್ದೆವು, ಹಾಗಾಗಿ ಅವನು ಕಡ್ಡಿಯನ್ನು ಒಂದೇ ಉಸಿರಿಗೆ ಹದಿನಾಲ್ಕು ನಿಮಿಷ ಆಡಿಸಿದ್ದ. ತಿಂಗಳ ನಂತರ ಆ ಮ್ಯಾಚನ್ನು ಮೊದಲಿನಿಂದ ಆಡಿಸಿದರು, ಹಳೆಯದು ರದ್ದು. ಸ್ಕೋರು ರದ್ದು, ಫೌಲು ರದ್ದು, ನಿಮಿಷವೂ ರದ್ದು. ಅವನು ಮಾತ್ರ ಆ ಹದಿನಾಲ್ಕನ್ನು ಹೊಡೆದುಹಾಕಿರಲಿಲ್ಲ. ಹೊಡೆದುಹಾಕುವುದಿರಲಿ, ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ "ಕರೆಂಟು ಹೋದರೂ ನಿಮಿಷ ಹೋಗಲಿಲ್ಲ" ಎಂದು ಜಂಬದಿಂದ ಬರೆದಿಟ್ಟಿದ್ದ. ನಿಮಿಷ ಉಳಿಸುವುದರಲ್ಲೇ ಸುಖ ಕಂಡವನು ಮಾತ್ರ ಮಾಡಬಹುದಾದ ತಪ್ಪು ಅದು.

ಅವನ ಕೈಕಾಲು ತಣ್ಣಗಾಯಿತು. ಇನ್ನು ಹನ್ನೊಂದು ನಿಮಿಷ ಬೇಕು. ಆಡಲು ಉಳಿದಿರುವುದು ಇಪ್ಪತ್ತು.

"ಆಮೇಲೆ ಹಾಕ್ತೀನಿ," ಎಂದು ಹಾಳೆಯನ್ನು ಪುಸ್ತಕದೊಳಗೆ ಮಡಿಸಿಟ್ಟ. ಹೆಡ್‌ಮಿಸ್ಟ್ರೆಸ್ ಕನ್ನಡಕದ ಮೇಲಿಂದ ಒಮ್ಮೆ ನೋಡಿ ಹೊರಟುಹೋದರು.

ಒಳ್ಳೆಯವನಾದರೆ ಆ ಕ್ಷಣವೇ ಓಡಿಹೋಗಿ ಹೇಳಬೇಕಿತ್ತು. ಗಡಿಯಾರ ಒಳ್ಳೆಯವನೇ, ಆದರೆ ಹೇಳಲಿಲ್ಲ. ಬಾಯಿಗೆ ಬೀಗ ಬಿದ್ದ ಹಾಗೆ ಕೂತ. ಮೂರನೆಯ ಕ್ವಾರ್ಟರು ಶುರುವಾಯಿತು. ದೊಡ್ಡಕ್ಕ ಮತ್ತೆರಡು ಬಾಸ್ಕೆಟ್ ಹಾಕಿದಳು. ಆರು ಹತ್ತಾಯಿತು, ಹತ್ತು ಹದಿಮೂರಾಯಿತು. ತಂಗಿಯ ಮುಖದಲ್ಲಿ ಒಂದು ತಿಂಗಳಿಂದ ಕಾಣದ ನಗು ಕಂಡಿತು. ಇಂಥ ಹೊತ್ತಿನಲ್ಲಿ ಹೋಗಿ ಏನೆಂದು ಹೇಳುವುದು? ನಿನ್ನ ಅಣ್ಣ ಕೂಡುವುದನ್ನು ಮರೆತ ಎಂದೇ? ನಾಳೆ ಕಚೇರಿಗೆ ಹೋಗಿ ಕಾಲು ಹಿಡಿದರಾಯಿತು ಎಂದುಕೊಂಡ. ಕಾಲು ಹಿಡಿದರೆ ಬಿಡುವ ಕಚೇರಿಯಲ್ಲ ಅದು ಎಂದೂ ಗೊತ್ತಿತ್ತು. ಮೂರು ಅಂಕ ಹೋದರೆ ಇವತ್ತು ಗೆದ್ದರೂ ಇಳಿದಂತೆಯೇ.

ಗೋಡೆಯ ಗಡಿಯಾರ ಇಳಿಯುತ್ತಿತ್ತು, ಅವನು ಮನಸ್ಸಿನಲ್ಲೇ ಕೊನೆಯ ಕ್ವಾರ್ಟರಿನ ಹತ್ತನ್ನು ಕೂಡಿಸುತ್ತಿದ್ದ. ಹದಿನೇಳು ಉಳಿಯಿತು. ಹದಿನೈದು. ಒಮ್ಮೆ ಎದ್ದ, ದೊಡ್ಡಕ್ಕ ಆಗಲೇ ಚೆಂಡು ಕಸಿದುಕೊಂಡಳು, ಕೂತ. ಹದಿಮೂರು. ಕಡ್ಡಿ ಬೆಂಚಿನ ತುದಿಯಲ್ಲಿ ಜಾಕೆಟ್ಟಿನ ಜಿಪ್ಪು ಗಂಟಲವರೆಗೆ ಎಳೆದುಕೊಂಡು ಕೂತಿದ್ದಳು. ಹನ್ನೆರಡಾಯಿತು. ಇನ್ನೊಂದು ನಿಮಿಷ ಕಳೆದರೆ ಹೇಳಿಯೂ ಪ್ರಯೋಜನವಿಲ್ಲ, ಆಮೇಲೆ ಜನ್ಮಪೂರ್ತಿ ಹೇಳದೇ ಇರಬೇಕಾಗುತ್ತದೆ. ಅದು ತಲೆಗೆ ಹೊಳೆದದ್ದೇ ಅವನು ಎದ್ದು ತಂಗಿಯ ಪಕ್ಕಕ್ಕೆ ಹೋಗಿ ನಿಂತ.

"ಪುಟ್ಟಿ," ಎಂದ.

ಅವಳು ಗಕ್ಕನೆ ತಿರುಗಿದಳು.

"ಕಡ್ಡಿದು ಇನ್ನೂರ ಮೂರಲ್ಲ. ನೂರ ಎಂಬತ್ತೊಂಬತ್ತು. ಕರೆಂಟ್ ಹೋದ ಮ್ಯಾಚನ್ನ ಸೇರಿಸಿಬಿಟ್ಟಿದ್ದೆ. ಹನ್ನೊಂದು ನಿಮಿಷ ಬೇಕು."

ಅವಳು ಗೋಡೆಯ ಕಡೆ ನೋಡಿದಳು. ಮೂರನೆಯ ಕ್ವಾರ್ಟರಿನಲ್ಲಿ ಒಂದು ನಿಮಿಷ ಮೂವತ್ತೈದು ಸೆಕೆಂಡು ಉಳಿದಿತ್ತು. "ಯಾವಾಗ ಗೊತ್ತಾಯ್ತು?"

"ಅರ್ಧ ಆಟಕ್ಕೆ."

"ಅಣ್ಣಾ..." ಎಂದಳು. ಹಾಲಿನ ಒಳಗೆ ಅವಳು ಹಾಗೆ ಕರೆದದ್ದು ಅದೇ ಮೊದಲು. ಬೈದಿದ್ದರೂ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ. ಅವಳು ಬೆಂಚಿನ ತುದಿಗೆ ತಿರುಗಿ ಕೂಗಿದಳು. "ಕಡ್ಡೀ! ಜಾಕೆಟ್ ತೆಗಿ. ದೊಡ್ಡಕ್ಕನ ಜಾಗಕ್ಕೆ."

ಒಂದು ನಿಮಿಷ ಇಪ್ಪತ್ತಾರು ಸೆಕೆಂಡು ಉಳಿದಿರುವಾಗ ಚೆಂಡು ಗೆರೆ ದಾಟಿ ಆಟ ನಿಂತಿತು, ಕಡ್ಡಿ ಒಳಗೆ ಹೋದಳು. ದೊಡ್ಡಕ್ಕ ಬಂದು ಕೂತು ಮೊಣಕಾಲಿಗೆ ಐಸಿನ ಚೀಲ ಒತ್ತಿಕೊಂಡಳು. ಏನೆಂದು ಕೇಳಿದಳು, ಗಡಿಯಾರ ಹೇಳಿದ. "ಅಯ್ಯೋ ನಿಮ್ಮ!" ಎಂದಷ್ಟೇ ಅಂದು ಆಟದ ಕಡೆ ತಿರುಗಿದಳು.

ಇನ್ನು ಕಡ್ಡಿಯನ್ನು ತೆಗೆಯುವ ಹಾಗಿಲ್ಲ. ತಪ್ಪು ಮಾಡಿದರೂ ತೆಗೆಯುವ ಹಾಗಿಲ್ಲ, ಎಡವಿ ಬಿದ್ದರೂ ತೆಗೆಯುವ ಹಾಗಿಲ್ಲ. ಅದಕ್ಕಿಂತ ದೊಡ್ಡ ಗಂಡಾಂತರ ಬೇರೆಯೇ ಇತ್ತು. ಐದು ಫೌಲು ಮಾಡಿದವಳನ್ನು ಆಟದಿಂದಲೇ ಹೊರಹಾಕುತ್ತಾರೆ. ಕಡ್ಡಿ ಐದನೆಯ ಫೌಲು ಮಾಡಿದರೆ ನಿಮಿಷವೂ ಅಲ್ಲಿಗೇ ನಿಲ್ಲುತ್ತದೆ.

ಮೊದಲ ಫೌಲು ಇಪ್ಪತ್ತೇ ಸೆಕೆಂಡಿಗೆ ಬಂತು. ಎದುರು ತಂಡದ ಮುಖ್ಯ ಆಟಗಾರ್ತಿ, ಗಟ್ಟಿಮುಟ್ಟಾದ ಜಡೆಯ ಹೆಂಗಸು, ಎಳೆಯ ಹುಡುಗಿ ಬಂದಳೆಂದು ನೋಡಿದ್ದೇ ನೇರ ಅವಳ ಮೇಲೇ ನುಗ್ಗಿದಳು. ಕಡ್ಡಿ ಚೆಂಡಿಗೆ ಕೈ ಹಾಕಲು ಹೋಗಿ ಮುಂಗೈಗೆ ಹೊಡೆದಳು. ಕೊನೆಯ ಕ್ವಾರ್ಟರು ಶುರುವಾದ ಮೇಲೆ ಚೆಂಡನ್ನು ಜೊತೆಗಾತಿಗೆ ಎಸೆಯುತ್ತೇನೆಂದು ಪ್ರೇಕ್ಷಕರಿಗೆ ಎಸೆದಳು. ಅದನ್ನು ಸರಿಪಡಿಸಲು ಓಡಿಹೋಗಿ ಎರಡನೆಯ ಫೌಲು. ಮೂರನೆಯದು ಅದರ ಬೆನ್ನಿಗೇ. ಜನ ಕೂಗಿದಷ್ಟೂ ಅವಳು ಇನ್ನೂ ಜೋರಾಗಿ ಓಡಿದಳು. ಸತ್ತ ನಿಮಿಷಗಳಲ್ಲಿ ಯಾರೂ ಕೂಗಿರಲಿಲ್ಲ, ಅವಳಿಗೆ ಈ ಸದ್ದೇ ಹೊಸದು. ಹದಿಮೂರು ಎಂಟಾಯಿತು, ಎಂಟು ಮೂರಾಯಿತು. ಆರು ನಿಮಿಷ ಉಳಿದಿರುವಾಗ ನಾಲ್ಕನೆಯ ಫೌಲು. ಅಧ್ಯಕ್ಷರು ಮೇಲಿನ ಸಾಲಿನಲ್ಲಿ ಎದ್ದು ನಿಂತು "ತೆಗೀರಿ ಅವಳನ್ನ!" ಎಂದು ಕೂಗುತ್ತಿದ್ದರು. ಯುವ ಪ್ರತಿಭೆಯ ಭಾಷಣ ಅವರಿಗೆ ಆಗ ನೆನಪಿದ್ದಂತೆ ಕಾಣಲಿಲ್ಲ.

ಕೋಚ್ ಟೈಮ್‌ಔಟ್ ಕೇಳಿದಳು. ಎಲ್ಲರೂ ಸುತ್ತ ನಿಂತರು. "ಕೈ ಮೇಲೆ, ಕಾಲು ನೆಲದ ಮೇಲೆ," ಎಂದಳು ಕಡ್ಡಿಗೆ. "ಅವಳು ಹಾಕ್ಕೊಂಡ್ರೆ ಹಾಕ್ಕೊಳ್ಳಲಿ. ನೀನು ಮುಟ್ಬೇಡ. ಅರ್ಥ ಆಯ್ತಾ?"

ಕಡ್ಡಿ ತಲೆಯಾಡಿಸಿದಳು. ಆದರೆ ಅವಳ ಕಣ್ಣು ಕೋಚಿನ ಮೇಲಿರಲಿಲ್ಲ, ಗಡಿಯಾರ ಮಾಮನ ಮೇಲಿತ್ತು. ಅವನು ಹಿಂದೆ ತಿರುಗಿ ನೋಡಿದ, ಯಾರೂ ಇರಲಿಲ್ಲ. ಆಮೇಲೆ ಗೊತ್ತಾಯಿತು, ಅವಳು ಅವನ ಬಾಯನ್ನೇ ನೋಡುತ್ತಿದ್ದಾಳೆ ಎಂದು. "ಸಾಕು" ಎಂಬ ಮಾತು ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದಾಳೆ. ಎರಡೂವರೆ ನಿಮಿಷ ಕೊಡುತ್ತಾರೆ, ಅಷ್ಟರಲ್ಲಿ ಓಡಬೇಕು, ಕಸಿಯಬೇಕು, ಹಾಕಬೇಕು, ತನ್ನಲ್ಲಿ ಇದ್ದಬದ್ದದ್ದನ್ನೆಲ್ಲ ತೋರಿಸಿಬಿಡಬೇಕು. ಹುಡುಗಿಗೆ ಗೊತ್ತಿದ್ದ ಬಾಸ್ಕೆಟ್‌ಬಾಲ್ ಅಷ್ಟೇ. ಕಲಿಸಿದವನು ಯಾರು?

"ಇಲ್ಲಿ ನೋಡು ಮಗಳೇ," ಎಂದ. "ನಿನ್ನನ್ನ ಇವತ್ತು ಯಾರೂ ತೆಗೆಯಲ್ಲ."

"ಹಾಂ?"

"ತೆಗೆಯೋಕೆ ಆಗೋದೇ ಇಲ್ಲ. ನನ್ನ ಲೆಕ್ಕ ತಪ್ಪಿದೆ. ಇನ್ನೂರಕ್ಕೆ ಕಡಿಮೆ ಬಿದ್ದಿದೆ. ನೀನು ಚೆಂಡನ್ನ ಆ ಮೇಜಿನ ಮೇಡಂ ತಲೆ ಮೇಲೆ ಎಸೆದ್ರೂ ಒಳಗೇ ಇರ್ತೀಯ. ಅವಸರ ಮಾಡ್ಬೇಡ. ನಿಧಾನಕ್ಕೆ ಆಡು. ಟೈಮಿದೆ."

ಕಡ್ಡಿ ಕಣ್ಣು ಪಿಳಿಪಿಳಿ ಬಿಟ್ಟಳು. ಬಿಗಿಹಿಡಿದಿದ್ದ ಭುಜ ಎರಡಿಂಚು ಕೆಳಗಿಳಿಯಿತು. "ಟೈಮಿದೆ ಅಂದ್ರೆ..." ಎಂದು ಶುರುಮಾಡಿ, ಮುಗಿಸದೆ, ನೀರಿನ ಬಾಟಲಿ ಎತ್ತಿ ಕುಡಿದಳು.

ಆಮೇಲೆ ಪವಾಡವೇನೂ ನಡೆಯಲಿಲ್ಲ. ಅವಳು ಇಪ್ಪತ್ತು ಪಾಯಿಂಟ್ ಹಾಕಿ ಹೀರೋಯಿನ್ ಆಗಲಿಲ್ಲ; ಹಾಕಿದ್ದು ಒಂದೇ ಒಂದು ಬಾಸ್ಕೆಟ್, ಅದೂ ಹಲಗೆಗೆ ತಾಗಿ ಹೇಗೋ ಬಿದ್ದದ್ದು. ಆದರೆ ಓಡುವುದನ್ನು ನಿಲ್ಲಿಸಿ ನಿಲ್ಲುವುದನ್ನು ಕಲಿತಳು. ಜಡೆಯವಳು ನುಗ್ಗಿದಾಗ ಕೈ ಎರಡೂ ಮೇಲೆತ್ತಿ ಲೈಟುಕಂಬದ ಹಾಗೆ ನಿಂತಳು. ಒಂದೆರಡು ಸಲ ಜಡೆಯವಳು ಚೆಂಡು ಹಾಕಿಯೂ ಬಿಟ್ಟಳು, ಒಂದೆರಡು ಸಲ ಆ ಉದ್ದ ಕೈ ದಾಟಿಸಲು ಹೋಗಿ ತಪ್ಪಿದಳು. ಫೌಲು ನಾಲ್ಕಕ್ಕೇ ನಿಂತಿತು. ದೊಡ್ಡಕ್ಕ ಬೆಂಚಿನಿಂದಲೇ ಗಂಟಲು ಹರಿಯುವ ಹಾಗೆ ಕೂಗಿ ಹೇಳುತ್ತಿದ್ದಳು, "ಎಡಕ್ಕೆ! ಎಡಕ್ಕೆ ಬರ್ತಾಳೆ ಅವಳು! ಹಾಂ, ಹಂಗೇ!" ಒಮ್ಮೆ ಸಮವಾಯಿತು, ಒಮ್ಮೆ ನಾವು ಎರಡು ಹಿಂದೆ, ಆಮೇಲೆ ಮೂರು ಮುಂದೆ. ಗಡಿಯಾರದ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಆಟ ಮುಗಿಯಲು ಇಪ್ಪತ್ತೆರಡು ಸೆಕೆಂಡು ಇರುವಾಗ ನಾವು ಒಂದೇ ಪಾಯಿಂಟ್ ಮುಂದೆ. ಚೆಂಡು ನಮ್ಮವರ ಕಾಲಿಗೆ ತಾಗಿ ಹೊರಹೋಯಿತು. ಚೆಂಡು ಅವರದು. ಸೀಟಿ ಕೂಗಿತು, ಗೋಡೆಯ ಗಡಿಯಾರ ನಿಂತಿತು.

ಕಡ್ಡಿಯ ಇನ್ನೂರು ನಿಮಿಷ ಅದಕ್ಕೆ ನಾಲ್ಕು ಸೆಕೆಂಡು ಮುಂಚೆ ತುಂಬಿತ್ತು. ಅದನ್ನು ಅವನು ಎರಡು ಸಲ ಕೂಡಿ ನೋಡಿಕೊಂಡಿದ್ದ. ಈಗ ಅವಳನ್ನು ತೆಗೆಯಬಹುದು. ದೊಡ್ಡಕ್ಕ ಆಗಲೇ ಐಸಿನ ಚೀಲ ಕೆಳಗಿಟ್ಟು ಎದ್ದು ನಿಂತಿದ್ದಳು. ನಾಲ್ಕು ಫೌಲಿನ ಹುಡುಗಿ ಹೊರಗೆ, ಹದಿನೈದು ವರ್ಷ ಇಂಥ ಇಪ್ಪತ್ತೆರಡು ಸೆಕೆಂಡುಗಳನ್ನೇ ಆಡಿಕೊಂಡು ಬಂದವಳು ಒಳಗೆ. ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು. ಕೋಚ್ ಅಣ್ಣನ ಕಡೆ ತಿರುಗಿ ಹುಬ್ಬೇರಿಸಿದಳು. "ಆಯ್ತಾ?"

"ಆಯ್ತು."

ಅಷ್ಟರಲ್ಲಿ ಅವನು ತಲೆಯೆತ್ತಿ ನೋಡಿದರೆ ಕಡ್ಡಿ ಬೆಂಚಿನ ಕಡೆ ನಡೆದು ಬರುತ್ತಿದ್ದಾಳೆ. ಯಾರೂ ಕರೆದಿರಲಿಲ್ಲ. ಅಂಗಿಯ ತುದಿಯಿಂದ ಮುಖ ಒರೆಸಿಕೊಳ್ಳುತ್ತಾ, ಸಂಜೆ ಅಂಗಡಿ ಬಾಗಿಲು ಹಾಕಿ ಮನೆಗೆ ಹೊರಟವಳ ಹಾಗೆ, ಬೇಸರವೂ ಇಲ್ಲದೆ ಬರುತ್ತಿದ್ದಳು. ಜಾಕೆಟ್ಟಿಗಾಗಿ ಕೈಯನ್ನೂ ಚಾಚಿದಳು.

ಮುಂದೆ ಆಡಿದ ಮಾತಿಗೆ ಅವನು ಆಮೇಲೆ ಎಷ್ಟೋ ಕಾರಣ ಕೊಟ್ಟ. ದೊಡ್ಡಕ್ಕನ ಮೊಣಕಾಲು ತಣ್ಣಗಾಗಿತ್ತು, ಕಡ್ಡಿ ಜಡೆಯವಳ ಆಟ ಹಿಡಿದುಬಿಟ್ಟಿದ್ದಳು, ಉದ್ದ ಕೈ ಬೇಕಿತ್ತು ಎಂದೆಲ್ಲ. ನಿಜ ಹೇಳಬೇಕೆಂದರೆ ಅವನ ನಾಲಿಗೆಗೆ ಆ ದಿನ ಆ ಹುಡುಗಿಯ ಮುಖಕ್ಕೆ "ಸಾಕು" ಎನ್ನಲು ಆಗಲಿಲ್ಲ.

"ಎಲ್ಲಿಗೆ ಬಂದೆ?" ಎಂದು ಗದರಿದ.

"ಆಯ್ತಲ್ಲ ಮಾಮ."

"ಯಾರು ಹೇಳಿದ್ದು ಆಯ್ತು ಅಂತ? ಹೋಗು. ಆಡು ಹೋಗು!"

ಕಡ್ಡಿ ಕೋಚಿನ ಕಡೆ ನೋಡಿದಳು. ಕೋಚ್ ಅಣ್ಣನ ಕಡೆ ನೋಡಿದಳು. ಒಂದು ಉಸಿರೆಳೆದುಕೊಳ್ಳುವಷ್ಟು ಹೊತ್ತು ಅಷ್ಟೇ. ಆಮೇಲೆ ಕೈಯಿಂದ ಕಡ್ಡಿಯನ್ನು ಒಳಕ್ಕೆ ನೂಕಿ, ದೊಡ್ಡಕ್ಕನಿಗೆ, "ಕೂತ್ಕೊಳ್ಳಿ," ಎಂದಳು.

"ಸದ್ಯ!" ಎಂದು ದೊಡ್ಡಕ್ಕ ದೊಪ್ಪನೆ ಕೂತಳು. "ಈ ಕಾಲಲ್ಲಿ ನಾನು ಅವಳನ್ನ ಹಿಡಿದಂಗೇ ಇತ್ತು."

ಇಪ್ಪತ್ತೆರಡು ಸೆಕೆಂಡು ಎಷ್ಟು ಉದ್ದವಿರುತ್ತದೆಂದು ವೇಳಾಪಟ್ಟಿ ಬರೆದವನಿಗೂ ಅವತ್ತೇ ಗೊತ್ತಾದದ್ದು. ಜಡೆಯವಳು ಚೆಂಡು ಪುಟಿಸುತ್ತಾ ಹೊತ್ತು ತಳ್ಳಿದಳು. ಹನ್ನೆರಡು. ಎಂಟು. ಆರಕ್ಕೆ ಎಡಗಡೆಯಿಂದ ನುಗ್ಗಿದಳು. ಕಡ್ಡಿ ಎದುರಿಗಿದ್ದಳು. ಜಡೆಯವಳು ಭುಜ ಕೊಟ್ಟು ತಳ್ಳಿದಳು, ಕಡ್ಡಿ ಅರ್ಧ ಹೆಜ್ಜೆ ಹಿಂದೆ ಸರಿದಳು, ಕೈ ಮಾತ್ರ ಕೆಳಗಿಳಿಸಲಿಲ್ಲ. ಒಂದು ಬೆರಳಷ್ಟು ಮುಟ್ಟಿದ್ದರೂ ಐದನೆಯ ಫೌಲು, ಎರಡು ಫ್ರೀ ಥ್ರೋ, ಕಥೆ ಮುಗಿದಂತೆ. ಮುಟ್ಟಲಿಲ್ಲ. ಚೆಂಡು ಅವಳ ಬೆರಳುಗಳ ಮೇಲಿಂದ ಹೋಗಬೇಕಾಗಿ ಬಂದದ್ದರಿಂದ ಇರಬೇಕಾದ್ದಕ್ಕಿಂತ ಎತ್ತರ ಹೋಯಿತು, ರಿಂಗಿನ ಹಿಂಬದಿಗೆ ಬಡಿಯಿತು, ಮೇಲೆ ಹಾರಿತು, ಮುಂದಿನ ಅಂಚಿಗೆ ಬಡಿಯಿತು, ಹೊರಗೆ ಬಿತ್ತು. ನಮ್ಮ ತಂಡದಲ್ಲೇ ಅತಿ ಗಿಡ್ಡಿಯಾದವಳು ಎಲ್ಲಿಂದಲೋ ಬಂದು ಅದನ್ನು ಎದೆಗವಚಿಕೊಂಡು ನೆಲದ ಮೇಲೆ ಮಲಗಿಬಿಟ್ಟಳು. ಸೈರನ್ 'ಬೋಂ' ಎಂದಿತು.

ಗಡಿಯಾರ ಕುಣಿಯಲಿಲ್ಲ. ಬೆಂಚಿನ ಮೇಲೆ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಹೋದ ಜೀವ ಬಂದಂತಾಗುವುದು ಎನ್ನುತ್ತಾರಲ್ಲ, ಅದು ನಿಜಕ್ಕೂ ಕಾಲಿನಿಂದ ಬರುತ್ತದೆ. ಮೊದಲು ಪಾದ ಬೆಚ್ಚಗಾಯಿತು, ಕೊನೆಗೆ ಕಣ್ಣಲ್ಲಿ ನೀರು ಬಂತು. ಎಷ್ಟೋ ಹೊತ್ತಾದ ಮೇಲೆ ಬೆನ್ನಿಗೆ ಒಂದು ಗುದ್ದು ಬಿತ್ತು. ತಂಗಿ. ಗುದ್ದಿದ ಕೈಯಿಂದಲೇ ಅವನ ಕುತ್ತಿಗೆ ತಬ್ಬಿಕೊಂಡು ಬಿಕ್ಕಿದಳು.

"ಮನೆಗೆ ಬಾ, ನಿನಗೆ ಮಾಡ್ತೀನಿ," ಎಂದಳು ಅಳುತ್ತಲೇ. "ಅತ್ತಿಗೆ ಮುಂದೆ ನಿಲ್ಲಿಸಿ ಬೈತೀನಿ. ಎಂಟು ನಿಮಿಷ! ಎಂಟು ನಿಮಿಷ ಬಾಯಿ ಮುಚ್ಕೊಂಡು ಕೂತಿದ್ದೆಯಲ್ಲೋ!"

"ಬೈಯಿ," ಎಂದ ಅವನು. "ಎಷ್ಟು ಬೇಕಾದ್ರೂ ಬೈಯಿ." ಬೈಸಿಕೊಳ್ಳಲು ಒಂದು ಮನೆ, ಬೈಯಲು ಕೆಲಸ ಉಳಿದ ತಂಗಿ. ಅವನಿಗೆ ಇನ್ನೇನೂ ಬೇಕಿರಲಿಲ್ಲ.

ಹೆಡ್‌ಮಿಸ್ಟ್ರೆಸ್ ಪರಿಷ್ಕರಿಸಿದ ಹಾಳೆ ತಂದರು. ಈ ಸಲ ಪ್ರತಿ ಸಾಲನ್ನೂ ಓದಿ, ಎರಡು ಸಲ ಓದಿ, ಸಹಿ ಹಾಕಿದ. ಮೇಲೆ ಅಧ್ಯಕ್ಷರು ಯಾರಿಗೋ ಕೈ ಕುಲುಕುತ್ತಾ, ಹೊಸಬರನ್ನು ನಂಬಬೇಕು ಎಂಬುದು ತಮ್ಮ ಮೊದಲಿನಿಂದಲೂ ಇರುವ ನಿಲುವು ಎಂದು ವಿವರಿಸುತ್ತಿದ್ದರು.

ಜನರೆಲ್ಲ ಹೋಗಿ ಹಾಲ್ ಖಾಲಿಯಾದ ಮೇಲೆ ಕಡ್ಡಿ ಬೆಂಚಿನ ಕೆಳಗೆ ಬಗ್ಗಿ ತನ್ನ ನೀರಿನ ಬಾಟಲಿ ಹುಡುಕುತ್ತಿದ್ದಳು. ಗಡಿಯಾರ ಹತ್ತಿರ ಹೋದ.

"ಅಲ್ಲಾ, ನೀನೇ ಯಾಕೆ ಆಟ ಬಿಟ್ಟು ಬಂದೆ ಆವಾಗ?"

"ಇನ್ನೂರು ಆಯ್ತಲ್ಲ ಮಾಮ. ನಾಲ್ಕು ಸೆಕೆಂಡು ಮೇಲೇ ಆಗಿತ್ತು. ಯಾವಾಗ್ಲೂ ಆದ ತಕ್ಷಣ ನೀವು ಕರೀತೀರಿ. ಇವತ್ತು ಮರೆತಿರಬೇಕು ಅಂದ್ಕೊಂಡೆ."

"ನಿನಗೆ ಹೇಗೆ ಗೊತ್ತು ನಾಲ್ಕು ಸೆಕೆಂಡು ಅಂತ? ನಾನು ಹೇಳಿದ್ದು ಕಡಿಮೆ ಬಿದ್ದಿದೆ ಅಂತ ಅಷ್ಟೇ."

"ನನ್ನ ನಿಮಿಷ ನನಗೆ ಗೊತ್ತಿರಲ್ವಾ? ಇರೋದೇ ಅಷ್ಟು. ಪ್ರತಿ ಮ್ಯಾಚಿಂದೂ ಗೊತ್ತು." ಬಾಟಲಿ ಸಿಕ್ಕಿತು, ಎದ್ದು ನಿಂತಳು. "ಆ ಕರೆಂಟ್ ಹೋದ ಮ್ಯಾಚಲ್ಲಿ ನಾನು ನಾಲ್ಕು ಪಾಯಿಂಟ್ ಹಾಕಿದ್ದೆ ಮಾಮ. ಲೀಗಲ್ಲಿ ನನ್ನ ಮೊದಲನೇ ಪಾಯಿಂಟು. ಅಮ್ಮಂಗೆ ಫೋನ್ ಮಾಡಿ ಹೇಳಿದ್ದೆ. ಆಮೇಲೆ ಪಟ್ಟಿಯಲ್ಲಿ ನೋಡಿದ್ರೆ ಸೊನ್ನೆ. ಅವತ್ತಿಂದ ಹದಿನಾಲ್ಕು ನಿಮಿಷ ಬಿಟ್ಟೇ ಎಣಿಸ್ತಿದ್ದೀನಿ."

"ಹಾಗಾದ್ರೆ ಬೆಳಿಗ್ಗೆ ನಾನು ಇನ್ನೂರ ಮೂರು ಅಂದಾಗ..."

"ನೀವು ಅಂದದ್ದು ನನಗೆ ಕೇಳಿಸ್ತು."

"ಕೇಳಿಸಿಕೊಂಡೂ ಸುಮ್ಮನಿದ್ದೆಯಾ? ಟೀಮೇ ಮುಳುಗಿಹೋಗ್ತಿತ್ತಲ್ಲೇ!"

ಕಡ್ಡಿ ನೆಲ ನೋಡಿದಳು. "ಮೊದಲು, ನೀವು ಗಡಿಯಾರ, ನಿಮಗೆ ತಪ್ಪಿರಲ್ಲ, ನಾನೇ ತಪ್ಪು ಎಣಿಸಿರ್ಬೇಕು ಅನ್ನಿಸ್ತು. ಆಮೇಲೆ..." ಬಾಟಲಿಯ ಮುಚ್ಚಳ ತಿರುಗಿಸಿದಳು, ಮತ್ತೆ ಬಿಗಿ ಮಾಡಿದಳು. "ಆಮೇಲೆ ಹೇಳಿದ್ರೆ, ಕೊನೇ ಮ್ಯಾಚಲ್ಲಿ ನನ್ನನ್ನ ಆಡಿಸಿ ಅಂತ ಕೇಳ್ದಂಗೆ ಆಗುತ್ತೆ ಅನ್ನಿಸ್ತು. ಹೆಂಗೆ ಕೇಳಲಿ ಮಾಮ?"

ಇಡೀ ಸೀಸನ್ ಅವನು ಹೊರೆ ಎಂದು ಎಸೆದ ಒಂದೊಂದು ನಿಮಿಷವನ್ನೂ ಈ ಹುಡುಗಿ ಹಿಂದಿನಿಂದ ಆರಿಸಿಕೊಂಡು ಬಂದಿದ್ದಳು. ಅವನ ಪುಸ್ತಕಕ್ಕಿಂತ ಸರಿಯಾಗಿ ಎಣಿಸಿಟ್ಟುಕೊಂಡಿದ್ದಳು. ಅವನಿಗೆ ನಾಚಿಕೆಯಾಯಿತು. ಆ ನಾಚಿಕೆಯ ಒಳಗೇ, ಇದನ್ನು ಸರಿಮಾಡಲು ಇನ್ನೊಂದು ಸೀಸನ್ ಉಳಿದಿದೆಯಲ್ಲ ಎಂಬ ಸಮಾಧಾನವೂ ಆಯಿತು.

"ಇನ್ನು ಮೇಲೆ ಕೇಳು," ಎಂದ.

"ಕೇಳಿದ್ರೆ ನೀವು ಬೈತೀರಿ."

"ಬೈತೀನಿ. ಆದ್ರೂ ಕೇಳು."

ಕಡ್ಡಿ ಬಾಟಲಿಯನ್ನು ಬ್ಯಾಗಿಗೆ ಹಾಕಿದಳು. ಬ್ಯಾಗು ಹೆಗಲಿಗೇರಿಸಿದಳು, ಬಾಗಿಲವರೆಗೆ ಹೋದಳು, ನಿಂತಳು.

"ಹಂಗಾದ್ರೆ ಕೇಳ್ತೀನಿ ಮಾಮ. ಆ ಹದಿನಾಲ್ಕು ನಿಮಿಷ ನನಗೆ ವಾಪಸ್ ಬೇಕು."

ಬೈಯಬೇಕೆಂದು ಅವನು ಬಾಯಿ ತೆರೆದ. ಬೈಗುಳ ಬರಲಿಲ್ಲ. "ಕೊಡ್ತೀನಿ ಕಣೇ," ಎಂದ, "ಆಟ ಬಿಸಿ ಇರೋವಾಗಲೇ ಕೊಡ್ತೀನಿ."